ಕೆಂಧೂಳಿನ ಊರಿಂದ ರೇಸ್ ಟ್ರ್ಯಾಕಿಗೆ: ಬ್ರೇಕಿನ ಯಾವ ಸಾಮಾನು ಮೊದಲು?

ಬಳ್ಳಾರಿಯಿಂದ ಅನಂತಪುರ, ಬೆಂಗಳೂರು, ಕೃಷ್ಣಗಿರಿ ದಾಟಿ ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ಮುಟ್ಟಬೇಕೆಂದರೆ 600 ಕಿ.ಮೀ.ಗೂ ಹೆಚ್ಚು ದಾರಿ ಸವೆಸಬೇಕು. ಅಲ್ಲಿರುವುದು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಕಟ್ಟಿದ ಈ ಟ್ರ್ಯಾಕಿನ ಉದ್ದ ಸುಮಾರು 3.7 ಕಿ.ಮೀ., ತಿರುವುಗಳು 12. ಇನ್ನೊಂದು ಆಯ್ಕೆ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ. ಸ್ವಂತ ಕಾರನ್ನು ಶುಲ್ಕ ಕಟ್ಟಿ, ಯಾರೊಡನೆಯೂ ಪೈಪೋಟಿ ಇಲ್ಲದೆ, ಮನಸ್ಸು ತಣಿಯುವಷ್ಟು ಓಡಿಸಲು ಬಿಡುವ ದಿನಕ್ಕೆ 'ಟ್ರ್ಯಾಕ್ ಡೇ' ಎನ್ನುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಈ ಹುಚ್ಚು ಹತ್ತಿದರೆ ಹೋಗಬೇಕಾದದ್ದು ಅಷ್ಟು ದೂರ.

ಟ್ರೇಲರ್ ಮೇಲೆ ಕಾರು ಹೇರಿಕೊಂಡು ಹೋಗುವವರು ವಿರಳ. ಹೆಚ್ಚಿನವರು ಅದೇ ಕಾರಿನಲ್ಲಿ ಹೋಗಿ, ಅದನ್ನೇ ಟ್ರ್ಯಾಕಿನಲ್ಲಿ ಓಡಿಸಿ, ಅದರಲ್ಲೇ ಊರಿಗೆ ಮರಳಬೇಕು. ಮರುದಿನ ಅದೇ ಕಾರು ಸಿರುಗುಪ್ಪದ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್ ಅಡ್ಡ ಬಂದಾಗ ಗಕ್ಕನೆ ನಿಲ್ಲಲೂಬೇಕು. ಬ್ರೇಕಿನ ಸಾಮಾನು ಆರಿಸುವ ಪ್ರಶ್ನೆ ಗೋಜಲಾಗುವುದು ಇಲ್ಲಿಯೇ. ರೇಸಿಗೆಂದೇ ಹುಟ್ಟಿದ ಭಾಗಗಳು ರಸ್ತೆಯಲ್ಲಿ ಹಟ ಹಿಡಿಯುತ್ತವೆ, ರಸ್ತೆಗೆಂದೇ ಮಾಡಿದವು ಟ್ರ್ಯಾಕಿನ ಮೂರನೆಯ ಸುತ್ತಿಗೇ ಕೈ ಚೆಲ್ಲುತ್ತವೆ.

ಬ್ರೇಕಿನ ಕೆಲಸ ಓಟವನ್ನು ಬಿಸಿಯಾಗಿ ಮಾರ್ಪಡಿಸುವುದು. ಎಷ್ಟು ಬಿಸಿ? 1,400 ಕೆ.ಜಿ. ತೂಗುವ ಕಾರೊಂದು ನೇರ ಹಾದಿಯ ಕೊನೆಗೆ ಗಂಟೆಗೆ 180 ಕಿ.ಮೀ. ವೇಗದಲ್ಲಿ ಬಂದು, ತಿರುವಿಗೆ ಮುನ್ನ 60ಕ್ಕೆ ಇಳಿಯಿತು ಎನ್ನೋಣ. ಆ ನಾಲ್ಕು ಸೆಕೆಂಡುಗಳಲ್ಲಿ ಹುಟ್ಟುವ ಶಾಖ ಸುಮಾರು 15 ಲಕ್ಷ ಜೂಲ್. 30 ಡಿಗ್ರಿಯಲ್ಲಿರುವ 5 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಅದೇ ಕಾರು ಹೆದ್ದಾರಿಯಲ್ಲಿ 100ರಿಂದ ಪೂರ್ತಿ ನಿಂತರೂ ಹುಟ್ಟುವ ಶಾಖ ಇದರ ಮೂರನೆಯ ಒಂದು ಪಾಲು ಮಾತ್ರ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ ಎಂಬ ಶಾಲೆಯ ಭೌತಶಾಸ್ತ್ರ ಟ್ರ್ಯಾಕಿನಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ.

ಈ ಶಾಖದ ಶೇ 70ರಷ್ಟನ್ನು ಮುಂದಿನ ಎರಡು ಗಾಲಿಗಳೇ ಹೊರುತ್ತವೆ ಎಂದಿಟ್ಟುಕೊಂಡರೆ, 8 ಕೆ.ಜಿ. ತೂಕದ ಒಂದೊಂದು ಡಿಸ್ಕ್ ಒಂದೇ ಬ್ರೇಕಿಗೆ 130 ಡಿಗ್ರಿಗೂ ಹೆಚ್ಚು ಕಾಯುತ್ತದೆ. ತಣಿಯಲು ಪುರುಸೊತ್ತಿಲ್ಲದೆ ಮುಂದಿನ ತಿರುವು ಬಂದೇಬಿಡುತ್ತದೆ. ಇಡೀ ಸುತ್ತು ಮುಗಿಯುವುದು ಎರಡು ನಿಮಿಷದ ಆಸುಪಾಸಿನಲ್ಲಿ. ಹೀಗೆ ಏಳೆಂಟು ಸುತ್ತು ಹಾಕಿದರೆ ಡಿಸ್ಕು 500, 600 ಡಿಗ್ರಿ ಮುಟ್ಟುವುದು ಅಚ್ಚರಿಯಲ್ಲ. ತೋರಣಗಲ್ಲಿನವರೆಗೆ ಲಾರಿಗಳ ಸಾಲಿನ ಹಿಂದೆ ಬ್ರೇಕ್ ತುಳಿಯುತ್ತಲೇ ಹೋದರೂ ಆ ಕಾವು ಹುಟ್ಟದು.

ಬ್ರೇಕ್ ಸೋಲುವ ಬಗೆ ಎರಡು. ಯಾವುದು ಎಂದು ಗುರುತಿಸಲು ಬಂದರೆ ಅರ್ಧ ಖರ್ಚು ಉಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲುತ್ತಿಲ್ಲ ಎಂದರೆ ಸೋತದ್ದು ಪ್ಯಾಡ್. ಅದು ತಾಳುವ ಕಾವನ್ನು ಮೀರಿದೆ, ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ, ತುಳಿದಷ್ಟೂ ಕೆಳಗಿಳಿದು ನೆಲ ಮುಟ್ಟುತ್ತಿದೆ ಎಂದರೆ ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೇ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಮೊದಲನೆಯದು ಒಂದೆರಡು ತಿರುವಿಗೆ ಮುಂಚೆಯೇ ಸೂಚನೆ ಕೊಡುತ್ತದೆ, ಇದು ಕೊಡುವುದು ಕಡಿಮೆ.

ಆದ್ದರಿಂದ ಮೊದಲ ಖರ್ಚು ಅತಿ ಅಗ್ಗದ್ದರ ಮೇಲೆಯೇ ಆಗಬೇಕು: ಬ್ರೇಕ್ ಆಯಿಲ್. ಎಲ್ಲರೂ ಆಯಿಲ್ ಎಂದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಮೂಲದ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಹುಟ್ಟುಗುಣ. ಬಾಟಲಿಯ ಮೇಲಿನ ಡಾಟ್ ಸಂಖ್ಯೆ ಕನಿಷ್ಠ ಕುದಿಬಿಂದುವನ್ನು ಸೂಚಿಸುತ್ತದೆ. ಡಾಟ್ 3ಕ್ಕೆ ಹೊಸದಿದ್ದಾಗ 205 ಡಿಗ್ರಿ, ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ತೇವದ ಲೆಕ್ಕ ಎಂದರೆ ಶೇ 3.7ರಷ್ಟು ನೀರು ಸೇರಿದಾಗಿನ ಕುದಿಬಿಂದು. ಅಷ್ಟೇ ಅಷ್ಟು ನೀರು 70, 80 ಡಿಗ್ರಿಯನ್ನು ನುಂಗಿಬಿಡುತ್ತದೆ.

ಟ್ರ್ಯಾಕಿಗೆ ಹೋಗುವವರು ಕೊಳ್ಳುವುದು ಡಾಟ್ 4ರ ಗುಂಪಿನಲ್ಲೇ ಇರುವ, ಆದರೆ ಕುದಿಬಿಂದು 300 ದಾಟಿದ ರೇಸಿಂಗ್ ದ್ರವಗಳನ್ನು. ಮೋಟುಲ್ ಆರ್‌ಬಿಎಫ್ 660ರ ಕುದಿಬಿಂದು ಹೊಸದಿದ್ದಾಗ 325 ಡಿಗ್ರಿ, ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ನದು 320. ಎರಡನೆಯದರ ಹೆಗ್ಗಳಿಕೆ ತೇವ ಹೀರಿದ ಮೇಲೂ 270ರ ಹತ್ತಿರ ಉಳಿಯುವುದರಲ್ಲಿದೆ, ಬೆಲೆ ದುಬಾರಿಯಾಗಿರುವುದೂ ಅದಕ್ಕೇ. ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೆ ಹೋಗುವ ಬಳ್ಳಾರಿಯ ಕಾರಿಗೆ ಮೊದಲನೆಯ ಬಗೆಯದೇ ಸಾಕು. ಪ್ರತಿ ಸಲ ಹೋಗುವ ಮುನ್ನ ಹೊಸದಾಗಿ ತುಂಬಿಸಿಕೊಂಡರಾಯಿತು. ಇಡೀ ವ್ಯವಸ್ಥೆ ತೊಳೆದು ತುಂಬಲು ಸಾಮಾನ್ಯವಾಗಿ ಒಂದು ಲೀಟರ್ ಹಿಡಿಯುತ್ತದೆ, ಅಂದರೆ ಅರ್ಧ ಲೀಟರಿನ ಎರಡು ಬಾಟಲಿ. ಡಾಟ್ 5 ಎಂದು ಬರೆದದ್ದನ್ನು ಮಾತ್ರ ಮುಟ್ಟಬಾರದು. ಅದು ಸಿಲಿಕೋನ್ ಮೂಲದ್ದು, 5.1ಕ್ಕೂ ಅದಕ್ಕೂ ನಂಟಿಲ್ಲ, ಉಳಿದವುಗಳ ಜೊತೆ ಬೆರೆಯುವುದೂ ಇಲ್ಲ.

ಗ್ಯಾರೇಜಿನಲ್ಲಿ ಎರಡು ವಿಷಯ ಗಮನಿಸಬೇಕು. ಎಂಜಿನ್ ಆಯಿಲ್ ಸುರಿದ ಲಾಳಿಕೆಯಲ್ಲೇ ಬ್ರೇಕ್ ದ್ರವ ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ಖನಿಜ ತೈಲ ಸ್ವಲ್ಪ ಬೆರೆತರೂ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ, ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಎಲ್ಲವನ್ನೂ ಬಿಚ್ಚಬೇಕು. ಎರಡನೆಯದು ಏರ್ ತೆಗೆಯುವ ಕೆಲಸ. ಎಬಿಎಸ್ ಇರುವ ಹಲವು ಕಾರುಗಳಲ್ಲಿ ಅದರ ಪಂಪಿನೊಳಗೆ ಸಿಕ್ಕ ಗಾಳಿಯನ್ನು ಹೊರಹಾಕಲು ಸ್ಕ್ಯಾನರ್ ಹಚ್ಚಿ ಪಂಪನ್ನು ಓಡಿಸಲೇಬೇಕು. ಆ ಸೌಲಭ್ಯ ಇಲ್ಲದ ಕಡೆ ಪೆಡಲ್ ತುಳಿದು ಬಿಟ್ಟು ಮಾಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯ ಖರ್ಚು ಪ್ಯಾಡ್. ಅತಿ ಹೆಚ್ಚು ತಪ್ಪು ನಡೆಯುವುದೂ ಇಲ್ಲೇ.

ಪ್ಯಾಡಿನ ಅಂಚಿನಲ್ಲಿ ಅಥವಾ ಹಿಂಬದಿಯಲ್ಲಿ ಹಲವು ತಯಾರಕರು ಎರಡು ಇಂಗ್ಲಿಷ್ ಅಕ್ಷರ ಮುದ್ರಿಸಿರುತ್ತಾರೆ: ಎಫ್‌ಎಫ್, ಜಿಜಿ, ಇಎಫ್ ಹೀಗೆ. ಮೊದಲ ಅಕ್ಷರ ಸಾಮಾನ್ಯ ಕಾವಿನಲ್ಲಿ ಘರ್ಷಣೆ ಎಷ್ಟು ಎಂದೂ, ಎರಡನೆಯದು ಬಿಸಿಯಾದ ಮೇಲೆ ಎಷ್ಟು ಎಂದೂ ಹೇಳುತ್ತದೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾಗಿದ್ದರೆ, ಬಿಸಿಯಾದಂತೆ ಹಿಡಿತ ಇಳಿಯುತ್ತದೆ ಎಂದರ್ಥ. ಇದು ಗುಣಮಟ್ಟದ ಪ್ರಮಾಣಪತ್ರವಲ್ಲ, ಈ ಪರೀಕ್ಷೆಯ ಕಾವು ಟ್ರ್ಯಾಕಿನ ಕಾವನ್ನು ಮುಟ್ಟುವುದೂ ಇಲ್ಲ. ಆದರೂ ಅಂಗಡಿಯ ಗಲ್ಲೆಯ ಮುಂದೆ ನಿಂತವರಿಗೆ ಡಬ್ಬಿಯ ಬಣ್ಣಕ್ಕಿಂತ ಈ ಅಕ್ಷರಗಳು ಹೆಚ್ಚು ಹೇಳುತ್ತವೆ.

ರೇನ್, ಸುಂದರಂ, ಬ್ರೇಕ್ಸ್ ಇಂಡಿಯಾದಂಥ ಚೆನ್ನೈ ಮೂಲದ ಕಂಪನಿಗಳು ದಿನಬಳಕೆಯ ವಾಹನಗಳಿಗೆ ದಶಕಗಳಿಂದ ಲೈನಿಂಗ್, ಪ್ಯಾಡ್ ಮಾಡುತ್ತ ಬಂದಿವೆ. ಟ್ರ್ಯಾಕಿನ ಪ್ಯಾಡ್ ಎಂದರೆ ಮಾತು ಫೆರೋಡೊ, ಪಾಜಿಡ್, ಇಬಿಸಿಯಂಥ ಹೆಸರುಗಳ ಕಡೆ ತಿರುಗುತ್ತದೆ. ಅವರ ಪಟ್ಟಿಯಲ್ಲೂ ಎರಡು ಜಾತಿ. ಒಂದು, ರಸ್ತೆಗೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಒಗ್ಗುವಂಥದ್ದು. ಫೆರೋಡೊ ಡಿಎಸ್ 2500 ಇದಕ್ಕೆ ಹೆಸರಾದ ಉದಾಹರಣೆ, ತಣ್ಣಗಿದ್ದಾಗಲೂ ಹಿಡಿಯುತ್ತದೆ, 500 ಡಿಗ್ರಿಯ ತನಕ ತಾಳುತ್ತದೆ. ಇನ್ನೊಂದು ಅಪ್ಪಟ ರೇಸಿನದು. ಅದು ಕಾಯುವ ತನಕ ಹಿಡಿಯುವುದೇ ಇಲ್ಲ. ಬಳ್ಳಾರಿಯಲ್ಲಿ ಚಳಿ ಎಲ್ಲಿದೆ ಎಂದು ನಗುವಂತಿಲ್ಲ: ಮೇ ತಿಂಗಳ 42 ಡಿಗ್ರಿಯೂ ರೇಸಿನ ಪ್ಯಾಡಿನ ಲೆಕ್ಕದಲ್ಲಿ ತಣ್ಣನೆಯೇ. ಬೆಳಿಗ್ಗೆ ಗ್ಯಾರೇಜಿನಿಂದ ಹೊರಬಿದ್ದು ಮೋತಿ ಸರ್ಕಲ್ಲಿನಲ್ಲಿ ಆಟೋ ಅಡ್ಡ ಬಂದಾಗ ಅಂಥ ಪ್ಯಾಡ್ ಕೊಡುವ ಉತ್ತರ ಮೈ ಜುಮ್ಮೆನಿಸುವಂಥದ್ದು. ಜೊತೆಗೆ ಕಿವಿಗಡಚಿಕ್ಕುವ ಕೀರಲು, ಗಾಲಿಯ ತುಂಬ ಕಪ್ಪು ಪುಡಿ, ಬೇಗ ಸವೆಯುವ ಡಿಸ್ಕು.

ಈ ಲೇಖನದ ಪಕ್ಷಪಾತ ಸ್ಪಷ್ಟ: ಕಾರು ಓಡಿಸಿಕೊಂಡೇ ಹೋಗಿ ಬರುವವರಿಗೆ ಮೊದಲ ಜಾತಿಯ ಪ್ಯಾಡೇ ಸರಿ. ಇನ್ನೂ ಗಟ್ಟಿ ಪ್ಯಾಡ್ ಬೇಕು ಅನ್ನಿಸಿದಾಗ ಎರಡು ಜೊತೆ ಇಟ್ಟುಕೊಂಡು ಟ್ರ್ಯಾಕಿನಲ್ಲೇ ಬದಲಿಸಬಹುದು. ಕೈ ಪಳಗಿದವರಿಗೆ ಅದು ಒಂದು ಗಂಟೆಯ ಕೆಲಸ.

ಮುಂದಿನ ಪ್ಯಾಡ್ ಮಾತ್ರ ಬದಲಿಸಿ ಹಿಂದಿನದನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಬ್ರೇಕಿನ ಪಾಲು ಮುಂದಕ್ಕೆ ವಾಲುತ್ತದೆ, ಹಿಂದಿನ ಗಾಲಿಗಳು ತಮ್ಮ ಕೆಲಸ ಪೂರ್ತಿ ಮಾಡುವುದಿಲ್ಲ, ಎಬಿಎಸ್ ಬೇಗ ಬಡಿದುಕೊಳ್ಳುತ್ತದೆ, ನಿಲ್ಲುವ ದೂರ ಕಡಿಮೆಯಾಗುವ ಬದಲು ಹೆಚ್ಚಾದರೂ ಆಗಬಹುದು. ಹಿಂದಿನದೇ ಹೆಚ್ಚು ಹಿಡಿದರಂತೂ ಕಾರು ಬಾಲ ತಿರುಗಿಸುತ್ತದೆ. ನಾಲ್ಕೂ ಕಡೆ ಒಂದೇ ಕುಟುಂಬದ ಪ್ಯಾಡ್ ಹಾಕುವುದು ಒಳ್ಳೆಯದು. ನಮ್ಮ ರಸ್ತೆಗಳಲ್ಲಿ ಇನ್ನೂ ಓಡಾಡುವ ಪೋಲೊ ಜಿಟಿ ಟಿಎಸ್‌ಐಯಂಥ ಕಾರಿನ ಹಿಂದಿರುವುದು ಡ್ರಮ್. ಅಲ್ಲಿ ಲೈನರಿನ ಸ್ಥಿತಿ ನೋಡಿ, ಹೊಂದಿಸಿ ಬಿಟ್ಟರೆ ಸಾಕು, ಹಿಂದಕ್ಕೂ ಡಿಸ್ಕ್ ಕೂರಿಸುವ ಸಾಹಸ ಬೇಡ.

ಹೊಸ ಪ್ಯಾಡನ್ನು ಪಳಗಿಸುವುದೂ ಒಂದು ಕ್ರಮ. ಪ್ಯಾಡಿನ ತೆಳುವಾದ ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಅದಕ್ಕೆ 80, 100ರ ವೇಗದಿಂದ 20, 30ಕ್ಕೆ ಇಳಿಸುವ ಹದವಾದ ಬ್ರೇಕುಗಳನ್ನು ಎಂಟು ಹತ್ತು ಸಲ ಹಾಕಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಬೇಕು. ತಯಾರಕರ ಚೀಟಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಬೇಕು. ಇದನ್ನು ಸಿರುಗುಪ್ಪದ ಹೆದ್ದಾರಿಯಲ್ಲಿ ಮಾಡುವುದು ಮಾತ್ರ ಸಲ್ಲದು. ಸುಗ್ಗಿ ಕಾಲದಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಭತ್ತ ಹರವಿರುತ್ತದೆ, ಹಿಂದೆ ಬರುವ ಲಾರಿಯವನಿಗೆ ಮುಂದಿನ ಕಾರು ಯಾಕೆ ಹೀಗೆ ಮುಗ್ಗರಿಸುತ್ತಿದೆ ಎಂದು ತಿಳಿಯುವುದಿಲ್ಲ. ಟ್ರ್ಯಾಕಿನ ಮೊದಲ ನಿಧಾನದ ಸುತ್ತುಗಳೇ ಇದಕ್ಕೆ ತಕ್ಕ ಜಾಗ.

ಇನ್ನು ಡಿಸ್ಕ್. ಈ ಭಾಗದ ಓದುಗರಿಗೆ ಇದು ನೆಂಟನೇ ಸರಿ, ಯಾಕೆಂದರೆ ಬಹುತೇಕ ಕಾರುಗಳ ಡಿಸ್ಕ್ ಬೂದು ಎರಕದ ಕಬ್ಬಿಣದ್ದು. ಸಂಡೂರಿನ ಬೆಟ್ಟಗಳ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುತ್ತದೆ. ಪಕ್ಕದ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಬೀಡು ಕಬ್ಬಿಣವನ್ನೂ, ಎಂಜಿನ್ನಿನ ಬ್ಲಾಕು, ಹೆಡ್ಡುಗಳಂಥ ಬೂದು ಕಬ್ಬಿಣದ ಎರಕಗಳನ್ನೂ ಮಾಡುತ್ತದೆ. ಬೂದು ಕಬ್ಬಿಣದೊಳಗೆ ಇಂಗಾಲ ಗ್ರಾಫೈಟಿನ ಚಕ್ಕೆಗಳಾಗಿ ಹರಡಿರುತ್ತದೆ. ಆ ಚಕ್ಕೆಗಳೇ ಶಾಖವನ್ನು ಬೇಗ ಹರಡುತ್ತವೆ, ಕಂಪನವನ್ನು ನುಂಗುತ್ತವೆ. ಉಕ್ಕಿನಷ್ಟು ಗಟ್ಟಿಯಲ್ಲದ ಈ ಕಬ್ಬಿಣ ಡಿಸ್ಕಿಗೆ ಒಗ್ಗಿದ್ದು ಆ ಗುಣಗಳಿಂದ.

ಡಿಸ್ಕ್ ಬ್ರೇಕ್ ತನ್ನ ಹೆಸರು ಗಳಿಸಿದ್ದೇ ಟ್ರ್ಯಾಕಿನಲ್ಲಿ. 1953ರ ಲೆ ಮಾನ್ಸ್ 24 ಗಂಟೆಗಳ ರೇಸನ್ನು ಜಾಗ್ವಾರ್ ಸಿ-ಟೈಪ್ ಗೆದ್ದಾಗ ಅದರಲ್ಲಿದ್ದದ್ದು ಡನ್‌ಲಪ್ ಡಿಸ್ಕ್ ಬ್ರೇಕ್. ಡ್ರಮ್ ಹೊತ್ತ ಎದುರಾಳಿಗಳು ತಿರುವಿಗೆ ಬಹಳ ಮುಂಚೆಯೇ ಕಾಲು ಎತ್ತಬೇಕಾಗುತ್ತಿತ್ತು.

ಅಂಗಡಿಗಳಲ್ಲಿ ಕಣ್ಣು ಕುಕ್ಕುವುದು ತೂತು ಕೊರೆದ ಡಿಸ್ಕ್. ನೋಡಲು ಚೆಂದ, ಮಳೆಯಲ್ಲಿ ನೀರು ಬೇಗ ಜಾರುತ್ತದೆ, ಸ್ವಲ್ಪ ಹಗುರವೂ ಹೌದು. ಆದರೆ ಅಗ್ಗದ ಡಿಸ್ಕಿಗೆ ಆಮೇಲೆ ಕೊರೆದ ತೂತುಗಳ ಅಂಚಿನಿಂದಲೇ ಬಿರುಕು ಏಳುತ್ತದೆ, ಟ್ರ್ಯಾಕಿನ ಕಾವು ತಣಿವುಗಳ ಎಳೆದಾಟದಲ್ಲಿ ಅದು ಬೇಗ ಬೆಳೆಯುತ್ತದೆ. ಕಾರಿನ ಕಂಪನಿಯೇ ತೂತಿನ ಡಿಸ್ಕ್ ಕೊಟ್ಟಿದ್ದರೆ ಸರಿ, ತಾವಾಗಿ ಕೊಳ್ಳುವವರಿಗೆ ಗೀರು ಹಾಕಿದ ಡಿಸ್ಕು ಅಥವಾ ಬರಿಯ ನುಣುಪಾದ ಡಿಸ್ಕೇ ಮೇಲು. ಒಳಗೆ ಗಾಳಿಯಾಡುವ ರೆಕ್ಕೆಗಳಿರಬೇಕು, ಕಬ್ಬಿಣ ಹೆಚ್ಚಿರಬೇಕು. ತೂಕ ಜಾಸ್ತಿ ಇದ್ದರೆ ಅದೇ ಶಾಖಕ್ಕೆ ಕಾವು ಕಡಿಮೆ ಏರುತ್ತದೆ.

ಕಾರ್ಬನ್ ಸೆರಾಮಿಕ್ ಡಿಸ್ಕಿನ ಆಸೆ ಲಕ್ಷಗಟ್ಟಲೆ ಖರ್ಚಿನದು. 2001ರಲ್ಲಿ ಪೋರ್ಷೆ 911 ಜಿಟಿ2 ಕಾರಿನಲ್ಲಿ ಅದು ಕಾರ್ಖಾನೆಯಿಂದಲೇ ಬಂತು. ಕಬ್ಬಿಣದ ಅರ್ಧದಷ್ಟೇ ತೂಕ, ರಸ್ತೆಯಲ್ಲಿ ವರ್ಷಾನುಗಟ್ಟಲೆ ಬಾಳಿಕೆ, ಗಾಲಿಯ ಮೇಲೆ ಪುಡಿಯೂ ಇಲ್ಲ. ಆದರೆ ಟ್ರ್ಯಾಕಿನಲ್ಲಿ ಮೇಲಿಂದ ಮೇಲೆ ಕಾದಾಗ ಅದರ ಇಂಗಾಲ ನಿಧಾನಕ್ಕೆ ಉರಿದುಹೋಗುತ್ತದೆ. ಎಷ್ಟು ಉಳಿದಿದೆ ಎಂದು ದಪ್ಪ ಅಳೆದರೆ ಸಾಲದು, ಡಿಸ್ಕನ್ನು ಬಿಚ್ಚಿ ತೂಕ ಹಾಕಿ, ಅದರ ಮೇಲೇ ಕೆತ್ತಿದ ಕನಿಷ್ಠ ತೂಕಕ್ಕೆ ಹೋಲಿಸಿ ನೋಡಬೇಕು. ಟ್ರ್ಯಾಕಿಗೆ ಆಗಾಗ ಹೋಗುವ ಎಷ್ಟೋ ಮಾಲೀಕರು ಸೆರಾಮಿಕ್ ಡಿಸ್ಕನ್ನು ಬಿಚ್ಚಿ ಎತ್ತಿಟ್ಟು ಕಬ್ಬಿಣ ಹಾಕಿಸುತ್ತಾರೆ. ಇನ್ನೊಂದು ಉದಾಹರಣೆ: ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಜರ್ಮನಿಯ ಡಿಟಿಎಂ ಪಂದ್ಯಾವಳಿಗೆ ಕಾಲಿಟ್ಟದ್ದು ಮರ್ಸಿಡಿಸ್ ಜಿಟಿ3 ಕಾರಿನಲ್ಲಿ. ಆ ಜಿಟಿ3 ವರ್ಗದ ಕಾರುಗಳ ಡಿಸ್ಕ್ ಕಬ್ಬಿಣ ಜಾತಿಯ ಲೋಹದ್ದೇ. ಅಷ್ಟು ವೇಗದ ಕಾರಿಗೆ ಸಾಕಾದದ್ದು ಟ್ರ್ಯಾಕ್ ಡೇಗೆ ಸಾಲದು ಎನ್ನಲಾಗದು.

ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಗೆಯ ಮೇಲೋ ಕನಿಷ್ಠ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಅದಕ್ಕೆ ಹತ್ತಿರ ಬಂದ ಡಿಸ್ಕನ್ನು ಟ್ರ್ಯಾಕಿಗೆ ಒಯ್ಯುವುದು ಬೇಡ. ಮೇಲ್ಮೈಯ ಕೂದಲೆಳೆಯ ಬಿರುಕು ಸಹಜ. ಉಗುರು ಸಿಕ್ಕುವಷ್ಟು ಆಳವಾದ ಬಿರುಕು, ಅಂಚಿನವರೆಗೆ ಓಡಿದ ಬಿರುಕು ಕಂಡರೆ ಅದೇ ಕ್ಷಣ ಬಿಸಾಡಬೇಕು. ಬ್ರೇಕ್ ತುಳಿದಾಗ ಸ್ಟಿಯರಿಂಗ್ ಅದುರಿದರೆ "ಡಿಸ್ಕ್ ಬೆಂಡಾಗೈತಿ, ಲೇತಿಗೆ ಕೊಡ್ರಿ" ಎನ್ನುವುದು ರೂಢಿ. ಹಲವು ಸಲ ಡಿಸ್ಕು ಬಾಗಿರುವುದೇ ಇಲ್ಲ, ಕಾದ ಪ್ಯಾಡಿನ ವಸ್ತು ಒಂದು ಕಡೆ ಮೆತ್ತಿಕೊಂಡು ದಪ್ಪ ಏರುಪೇರಾಗಿರುತ್ತದೆ. ಮತ್ತೊಮ್ಮೆ ಪಳಗಿಸಿದರೆ ಹೋಗಬಹುದು. ಲೇತಿನಲ್ಲಿ ಕೆರೆಸಿದಷ್ಟೂ ಶಾಖ ಹೊರುವ ಕಬ್ಬಿಣ ಕಡಿಮೆಯಾಗುತ್ತದೆ.

ಎಷ್ಟು ಕಾಯುತ್ತಿದೆ ಎಂದು ತಿಳಿಯದೆ ಪ್ಯಾಡು, ಡಿಸ್ಕು ಕೊಳ್ಳುವವರೇ ಹೆಚ್ಚು. ಅಳೆಯುವ ಸುಲಭ ದಾರಿ ಒಂದಿದೆ. ಡಿಸ್ಕಿನ ಹೊರ ಅಂಚಿಗೆ ಬಳಿಯುವ, ಕಾವಿಗೆ ಬಣ್ಣ ಬದಲಿಸುವ ಪೇಂಟ್ ಸಿಗುತ್ತದೆ. ಎಪಿ ರೇಸಿಂಗ್ ಕಂಪನಿಯದರಲ್ಲಿ ಹಸಿರು ಬಣ್ಣ 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಮಾರ್ಪಡುತ್ತವೆ. ಮೂರನ್ನೂ ಪಟ್ಟೆಪಟ್ಟೆಯಾಗಿ ಬಳಿದು ಹತ್ತು ಸುತ್ತು ಹೊಡೆದು ಬಂದರೆ, ಯಾವ ಪಟ್ಟೆ ಮಾರ್ಪಟ್ಟಿದೆ ಎಂಬುದೇ ಉತ್ತರ. ಹಸಿರು ಮಾತ್ರ ಬದಲಾಗಿದ್ದರೆ ರಸ್ತೆಗೂ ಟ್ರ್ಯಾಕಿಗೂ ಒಗ್ಗುವ ಪ್ಯಾಡ್ ಸಾಕು. ಕೆಂಪೂ ಬದಲಾಗಿದ್ದರೆ ಇನ್ನೂ ಕಾವು ತಾಳುವ ಪ್ಯಾಡ್ ಬೇಕು, ಇಲ್ಲವೆ ಡಿಸ್ಕಿಗೆ ಗಾಳಿ ಹರಿಸುವ ಕೊಳವೆ ಬೇಕು. ಪಿಟ್ಟಿಗೆ ಬಂದ ಮೇಲೆ ಹಿಡಿಯುವ ಇನ್‌ಫ್ರಾರೆಡ್ ಗನ್ನು ಅಷ್ಟು ನಂಬಿಕೆಯದಲ್ಲ. ಅಷ್ಟರಲ್ಲಿ ಡಿಸ್ಕ್ ತಣಿದಿರುತ್ತದೆ, ಹೊಳೆಯುವ ಲೋಹದ ಮೇಲೆ ಅದರ ಓದೂ ತಪ್ಪುತ್ತದೆ.

ಈಗ ಬಳ್ಳಾರಿಯದೇ ಆದ ತೊಡಕು: ಧೂಳು. ಅದಿರಿನ ಕೆಂಪು ಧೂಳಿನಲ್ಲಿರುವುದು ಹೆಮಟೈಟ್. ಡಿಸ್ಕಿನ ಕಬ್ಬಿಣಕ್ಕಿಂತ ಗಡುಸಾದ ಖನಿಜ ಅದು. ತಮಾಷೆಯೆಂದರೆ ಕಬ್ಬಿಣದ ಆಕ್ಸೈಡುಗಳನ್ನು ಪ್ಯಾಡ್ ತಯಾರಕರೇ ಹದವಾದ ಉಜ್ಜುವಸ್ತುವಾಗಿ ಮಿಶ್ರಣಕ್ಕೆ ಸೇರಿಸುತ್ತಾರೆ. ಅಳತೆಯಲ್ಲಿ ಬೆರೆಸಿದ ನಯವಾದ ಪುಡಿ ಬೇರೆ, ಲಾರಿಯ ಹಿಂದೆ ಹಾರುವ ಒರಟು ಕಣ ಬೇರೆ. ಅದು ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕರೆ ಉಂಗುರದಂಥ ಗೀರುಗಳೇಳುತ್ತವೆ.

ಧೂಳಿನ ಇನ್ನೊಂದು ದಾಳಿ ಕ್ಯಾಲಿಪರಿನ ಮೇಲೆ. ರಸ್ತೆ ಕಾರಿನ ಕ್ಯಾಲಿಪರಿನಲ್ಲಿ ಪಿಸ್ಟನ್ನಿನ ಸುತ್ತ ರಬ್ಬರಿನ ಧೂಳುಗವಸು ಇರುತ್ತದೆ. ಅಪ್ಪಟ ರೇಸಿಂಗ್ ಕ್ಯಾಲಿಪರುಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ರೇಸ್ ತಂಡಗಳು ಅವನ್ನು ಆಗಾಗ ಬಿಚ್ಚಿ ಸೀಲು ಬದಲಿಸುತ್ತಲೇ ಇರುವುದರಿಂದ ಅವರಿಗೆ ನಡೆಯುತ್ತದೆ. ಸಂಡೂರು ರಸ್ತೆಯಲ್ಲೂ ಓಡಾಡುವ ಕಾರಿಗೆ ಅಂಥದ್ದು ಹಾಕಿಸಿದರೆ ಕೆಲವೇ ತಿಂಗಳಲ್ಲಿ ಪಿಸ್ಟನ್ ಜಿಗುಟಾಗುತ್ತದೆ. ದೊಡ್ಡ ಬ್ರೇಕ್ ಕಿಟ್ ಕೊಳ್ಳುವವರು ಅಂಗಡಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಪಿಸ್ಟನ್ ಎಷ್ಟು ಎಂಬುದಲ್ಲ, ಧೂಳುಗವಸು ಇದೆಯೇ ಎಂಬುದು.

ಸಿರುಗುಪ್ಪ, ತೆಕ್ಕಲಕೋಟೆ ಕಡೆಯ ಗದ್ದೆಯ ಎರೆಮಣ್ಣಿನ ಕಥೆ ಬೇರೆ. ಮಳೆಗಾಲದಲ್ಲಿ ಗಾಲಿಯೊಳಗೆ ಮೆತ್ತಿದ ಅದು ಒಣಗಿ ಕಲ್ಲಾಗುತ್ತದೆ. ಜಾರುವ ಕ್ಯಾಲಿಪರಿನ ಪಿನ್ನುಗಳು ಅಂಥ ಕೆಸರಿಗೆ ಸಿಕ್ಕು ಬಿಗಿದುಕೊಂಡರೆ ಎರಡು ಪ್ಯಾಡುಗಳಲ್ಲಿ ಒಂದೇ ಸವೆಯುತ್ತದೆ. ಟ್ರ್ಯಾಕಿಗೆ ಮುನ್ನ ಪಿನ್ನು ಬಿಚ್ಚಿ, ಒರೆಸಿ, ಸಿಲಿಕೋನ್ ಗ್ರೀಸು ಹಚ್ಚುವ ಕೆಲಸಕ್ಕೆ ಖರ್ಚಿಲ್ಲ, ಫಲ ಮಾತ್ರ ಹೊಸ ಕ್ಯಾಲಿಪರಿನಷ್ಟೇ. ಕುರುಗೋಡಿನ ಬಂಡೆಗುಡ್ಡಗಳ ಕಡೆ ಹೋಗಿ ಬಂದ ಕಾರಿನಲ್ಲಿ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿಯ ಚೂರು ಸಿಕ್ಕಿ ಕಿರ್ರೆನ್ನುವುದುಂಟು. ಗಾಳಿ ಹೆಚ್ಚು ಸಿಗಲೆಂದು ಆ ತಗಡನ್ನೇ ಕಿತ್ತುಹಾಕಿ ಎನ್ನುವ ಸಲಹೆ ಟ್ರ್ಯಾಕಿನವರಿಂದ ಬರುತ್ತದೆ. ಇಲ್ಲಿನ ರಸ್ತೆಗೆ ಅದು ಸರಿಬಾರದು. ತಗಡು ಇದ್ದರೆ ಆಗೊಮ್ಮೆ ಒಂದು ಹರಳು ಸಿಕ್ಕೀತು, ಇಲ್ಲದಿದ್ದರೆ ಪ್ರತಿ ಹರಳೂ ನೇರ ಡಿಸ್ಕಿಗೇ.

ಗಾಲಿ ಬಿಚ್ಚಿದಾಗ ಒಳಗಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಿಸುವ ಅಭ್ಯಾಸ ಬಿಡಬೇಕು. ಅಗ್ಗದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇನ್ನೂ ಇದೆ. ಒದ್ದೆ ಬಟ್ಟೆ ಇಲ್ಲವೆ ಬ್ರೇಕ್ ಕ್ಲೀನರ್ ಸಾಕು.

ದೊಡ್ಡ ಕೆಂಪು ಕ್ಯಾಲಿಪರಿನ ಸರದಿ ಕಟ್ಟಕಡೆಗೆ. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರಿನ ಹಿಡಿತ. ಈಗಿರುವ ಬ್ರೇಕೇ ಎಬಿಎಸ್ ಬಡಿಯುವಷ್ಟು ಹಿಡಿಯುತ್ತಿದ್ದರೆ, ಅದಕ್ಕಿಂತ ದೊಡ್ಡದು ಮೊದಲ ಬ್ರೇಕಿನ ದೂರವನ್ನು ಹೆಚ್ಚೇನೂ ಕಡಿಮೆ ಮಾಡದು. ಅದರ ಲಾಭ ಹತ್ತನೆಯ ಸುತ್ತಿನಲ್ಲಿ: ಹೆಚ್ಚು ಕಬ್ಬಿಣ, ಹೆಚ್ಚು ಗಾಳಿ, ಕಡಿಮೆ ಕಾವು. ಪಿಸ್ಟನ್ನಿನ ಒಟ್ಟು ವಿಸ್ತೀರ್ಣ ಮೂಲದ್ದಕ್ಕಿಂತ ಬಹಳ ಹೆಚ್ಚಾದರೆ ಪೆಡಲ್ ಉದ್ದಕ್ಕೆ ಇಳಿಯುತ್ತದೆ, ಮುಂದೆ ಹಿಂದಿನ ಪಾಲು ಕೆಡುತ್ತದೆ. ಆ ಕಾರಿನ ಮಾಸ್ಟರ್ ಸಿಲಿಂಡರಿಗೆ ಲೆಕ್ಕ ಹಾಕಿ ಮಾಡಿದ ಕಿಟ್ ಮಾತ್ರ ಕೊಳ್ಳಬೇಕು. ಗಾಲಿಯೊಳಗೆ ಕೂರುತ್ತದೆಯೇ ಎಂದು ನೋಡಲು ತಯಾರಕರು ಕೊಡುವ ಕಾಗದದ ಅಚ್ಚನ್ನು ಕತ್ತರಿಸಿ ಹಿಡಿದು ನೋಡಬಹುದು. ಬ್ರೆಂಬೊ, ಮತ್ತು 2000ದಿಂದ ಅದರದೇ ಒಡೆತನದಲ್ಲಿರುವ ಎಪಿ ರೇಸಿಂಗ್, ಈ ಲೋಕದ ದೊಡ್ಡ ಹೆಸರುಗಳು. ಅದೇ ಹೆಸರು ಬರೆದ ಪ್ಲಾಸ್ಟಿಕ್ ಕವಚವನ್ನು ಹಳೆ ಕ್ಯಾಲಿಪರಿಗೆ ಅಂಟಿಸುವ ಚಾಳಿಯೂ ಊರೂರಲ್ಲಿದೆ. ಅಂದಕ್ಕೆಂದು ಹಾಕಿದ ಅದು ತಣಿಯಬೇಕಾದ ಕ್ಯಾಲಿಪರಿಗೆ ಹೊದಿಕೆ ಹೊದಿಸುತ್ತದೆ. ಟ್ರ್ಯಾಕಿಗೆ ಹೋಗುವ ಕಾರಿನಲ್ಲಿ ಅದು ಇರಲೇಬಾರದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಅಳತೆಗೆ ಸರಿಯಾದ ಪ್ಯಾಡು, ದ್ರವಗಳು ಸವೆದಂತೆ ಬದಲಿಸುವ ಸಾಮಾನು. ದೊಡ್ಡ ಬದಲಾವಣೆಗೆ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳುವುದು ಕ್ಷೇಮ. ಮಾಮೂಲು ವಾಹನ ವಿಮೆ ರೇಸು, ವೇಗ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ ಎಂಬ ಸಾಲು ಪಾಲಿಸಿಯಲ್ಲೇ ಇರುತ್ತದೆ. ಟ್ರ್ಯಾಕಿನಲ್ಲಿ ಆದ ನಷ್ಟ ಮಾಲೀಕರ ತಲೆಗೇ ಎಂದುಕೊಂಡು ಹೊರಡಬೇಕು.

ಟ್ರ್ಯಾಕಿನ ದಿನ ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ಮುಗಿಸಿ ಡಿಸ್ಕಿಗೆ ಗಾಳಿ ಹಿಡಿಸಬೇಕು. ಪಿಟ್ಟಿನಲ್ಲಿ ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬಾರದು. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಅಪ್ಪಿ ಹಿಡಿದರೆ ಅಲ್ಲೇ ಕಲೆ ಮೂಡುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ಗಾಲಿಗೆ ಮರದ ತುಂಡು ಒಡ್ಡುವ ಹಾಗೆ ಟೈರಿಗೆ ಒಂದು ತುಂಡು ಒಡ್ಡಿ, ಐದು ನಿಮಿಷಕ್ಕೊಮ್ಮೆ ಕಾರನ್ನು ಒಂದಡಿ ಜರುಗಿಸುತ್ತಿದ್ದರಾಯಿತು. ಬಿಸಿ ಡಿಸ್ಕಿಗೆ ನೀರು ಎರಚುವುದಂತೂ ಬಿರುಕನ್ನು ಕರೆದು ಕೂರಿಸಿದಂತೆ.

ಊರಿಗೆ ಹೊರಡುವ ಮುನ್ನ ಗಾಲಿ ಬಿಚ್ಚಿ ಪ್ಯಾಡಿನ ದಪ್ಪ ನೋಡಬೇಕು. ಪ್ಯಾಡಿನ ಬೆನ್ನಿನ ತಗಡಿನ ಮೇಲೆ 4 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಜೊತೆಗೆ ಒಯ್ದ ಹಳೆ ರಸ್ತೆ ಪ್ಯಾಡನ್ನು ಹಾಕಿಕೊಂಡು ಹೊರಡುವುದು ಜಾಣತನ. ಪೆಡಲ್ ಬೆಳಿಗ್ಗೆ ಇದ್ದಷ್ಟೇ ಎತ್ತರದಲ್ಲಿ, ಅಷ್ಟೇ ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ ಅಲ್ಲೇ ಏರ್ ತೆಗೆಸಬೇಕು, ಮೊಹರು ಒಡೆಯದ ಇನ್ನೊಂದು ಬಾಟಲಿ ಡಿಕ್ಕಿಯಲ್ಲಿರಬೇಕಾದದ್ದು ಇದಕ್ಕೇ. ಗಾಲಿಯ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದ ಅಳತೆಗೆ ಬಿಗಿದು, 50 ಕಿ.ಮೀ. ಓಡಿದ ಮೇಲೆ ಚಹಾಕ್ಕೆ ನಿಲ್ಲಿಸಿದಲ್ಲಿ ಇನ್ನೊಮ್ಮೆ ಬಿಗಿದು ನೋಡಬೇಕು.